ಕೊಬ್ಬರಿ ಅಂಗಳದಲ್ಲಿ ಫೋರ್‌ಹ್ಯಾಂಡ್

ತಿಪಟೂರಿನ ಆ ಹುಡುಗ ಒಂಬತ್ತನೇ ತರಗತಿಯಲ್ಲಿದ್ದಾಗ ಶಾಲೆಗಳ ಟೇಬಲ್ ಟೆನಿಸ್ ಪಂದ್ಯಕ್ಕೆ ಹೋಗಿ ಮೊದಲ ಸುತ್ತಿನಲ್ಲೇ ಸೋತು ಬಂದ. ಎದುರಾಳಿ ಬಲಗಡೆಯ ಅಂಚಿಗೆ ಚೆಂಡು ಕಳಿಸಿದಾಗಲೆಲ್ಲ ಇವನು ನಿಂತಲ್ಲೇ ಕೈಚಾಚಿ ಬೀಸುತ್ತಿದ್ದ. ಚೆಂಡು ನೆಟ್ಟಿಗೆ ಬೀಳುತ್ತಿತ್ತು, ಇಲ್ಲವೇ ಮೇಜು ದಾಟುತ್ತಿತ್ತು. ಮನೆಗೆ ಬಂದವನು ಅಪ್ಪನನ್ನು ಕೇಳಿದ್ದು ಹೊಸ ಬ್ಯಾಟು.

"ಕಾಯಿ ಇನ್ನೂ ಅಟ್ಟದ ಮೇಲೈತೆ, ದುಡ್ಡೆಲ್ಲಿಂದ ತರ್ಲಿ? ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಬೇರೆ. ಆಟ ಸಾಕು," ಅಂದರು ಅಪ್ಪ. ಅಟ್ಟಕ್ಕೇರಿದ ತೆಂಗಿನಕಾಯಿ ಒಳಗಿನ ನೀರೆಲ್ಲ ಇಂಗಿ ಉಂಡೆ ಕೊಬ್ಬರಿಯಾಗಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಅಲ್ಲಿಯವರೆಗೆ ಆ ಮನೆಗಳಲ್ಲಿ ಎಲ್ಲ ಖರ್ಚಿಗೂ ಇದೇ ಉತ್ತರ.

ಶಾಲೆಯ ಪಿ.ಟಿ. ಮೇಷ್ಟ್ರು ಬ್ಯಾಟಿನ ಸುದ್ದಿಯನ್ನೇ ಎತ್ತಲಿಲ್ಲ. ಹುಡುಗನ ಕೈಯಿಂದ ಚೆಂಡನ್ನೂ ತೆಗೆದಿಟ್ಟುಕೊಂಡರು! ಮೇಜಿನ ಅಗಲ 1.525 ಮೀಟರ್. ಅಷ್ಟುದ್ದದ ಗೆರೆಯನ್ನು ಮನೆಯ ಅಂಗಳದಲ್ಲಿ ಎಳೆದುಕೊಂಡು, ಹದಿನೈದು ದಿನ ಅದರ ಮೇಲೆ ಅತ್ತಿಂದಿತ್ತ ಓಡಾಡು ಅಂದರು. ಕಾಲುಗಳ ನಡುವೆ ಭುಜಕ್ಕಿಂತ ತುಸು ಹೆಚ್ಚು ಅಂತರ, ಮಂಡಿ ಸಡಿಲ, ಮೈಭಾರ ಮುಂಗಾಲಿನ ಮೇಲೆ. ಬಲಗೈ ಆಟಗಾರನಾದ್ದರಿಂದ ಬಲಗಾಲು ಸ್ವಲ್ಪ ಹಿಂದೆ. ಸರಿಯುವಾಗ ಒಂದು ಕಾಲು ಇನ್ನೊಂದನ್ನು ದಾಟಬಾರದು. ತೀರ ದೂರದ ಚೆಂಡಿಗೆ ದಾಟುಹೆಜ್ಜೆ ಉಂಟು, ಆದರೆ ಅದು ಆಮೇಲಿನ ಪಾಠ. ಜಾಗಕ್ಕೆ ಬಂದ ಮೇಲೆ ಸೊಂಟ ತಿರುಗಿ ಭಾರ ಬಲಗಾಲಿಗೆ; ಹೊಡೆಯುವಾಗ ಅದೇ ಭಾರ ಎಡಗಾಲಿಗೆ. ಚೆಂಡು ಪುಟಿದು ಮೇಲೇರಿದ ಗಳಿಗೆಯಲ್ಲಿ, ಮೈಯ ಮುಂದೆಯೇ ಅದನ್ನು ಹೊಡೆಯಬೇಕು. ಹೊಡೆದು ನಿಂತುಬಿಟ್ಟರೆ ಕೆಟ್ಟಿತು, ಕೂಡಲೇ ಮೊದಲಿನ ನಿಲುವಿಗೆ ಮರಳಬೇಕು.

ಹುಡುಗ ಎಲ್ಲ ಮಾಡಿದ. ಆದರೂ ಚೆಂಡು ಕಂಡೊಡನೆ ಮತ್ತೆ ಕೈಯೇ ಮುಂದಾಗುತ್ತಿತ್ತು.

ದೀಪಾವಳಿ ಕಳೆದು ಅಟ್ಟದ ಕಾಯಿ ಇಳಿಸಿದರು. ಸುಲಿಯಲು ಬಂದ ಮುದುಕ ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಯ ಮುಂದೆ ಕಾಲಗಲಿಸಿ ನಿಂತು, ಒಂದೊಂದು ಕಾಯಿಯನ್ನೂ ಚುಚ್ಚಿ ಸೊಂಟದಿಂದ ವಾಲುತ್ತಿದ್ದ. ಸಂಜೆಯಾದರೂ ದಣಿವಿಲ್ಲ. ಹುಡುಗ ತಾನೂ ಒಂದು ಕಾಯಿ ಹಿಡಿದು ರಟ್ಟೆಯ ಬಲದಲ್ಲಿ ಕಿತ್ತಾಡಿ ಸೋತ.

"ಕೈಯಾಗ್ ಸುಲೀತಾರೇನಪ್ಪಾ? ಮೈಯಾಗ್ ಸುಲಿಯೋದು," ಎಂದು ನಕ್ಕ ಮುದುಕ.

ಅಂದು ರಾತ್ರಿ ಗೆರೆಯ ಮೇಲೆ ಹುಡುಗನ ಹೆಜ್ಜೆ ಸ್ವಲ್ಪ ಬೇರೆಯಾಗಿತ್ತು.

ಅಪ್ಪನಿಗೆ ಓದಿನ ಚಿಂತೆ ಹೋಗಿರಲಿಲ್ಲ. ತಪ್ಪೇನಲ್ಲ, ಯಾವ ಅಪ್ಪನಿಗೆ ಇರುವುದಿಲ್ಲ! ಮೇಷ್ಟ್ರು ಮನೆಗೇ ಬಂದು ಬೆಂಗಳೂರಿನ ಅರ್ಚನಾ ಕಾಮತ್ ವಿಷಯ ಹೇಳಿದರು. 2019ರಲ್ಲಿ ರಾಷ್ಟ್ರೀಯ ಚಾಂಪಿಯನ್. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತದ ಮಹಿಳಾ ತಂಡ ಕ್ವಾರ್ಟರ್ ಫೈನಲ್ ತಲುಪಿ ಜರ್ಮನಿಗೆ ಸೋತಾಗ, ಭಾರತಕ್ಕೆ ಸಿಕ್ಕ ಒಂದೇ ಗೆಲುವು ಆಕೆಯದು. ಅದೇ ವರ್ಷ ಆಟ ಬಿಟ್ಟು ವಿದೇಶಕ್ಕೆ ಓದಲು ಹೊರಟರು.

"ನೋಡಿ, ಕೊನೆಗೆ ಓದೇ ಗತಿಯಾಯ್ತು," ಅಂದರು ಅಪ್ಪ.

"ಅಷ್ಟು ವರ್ಷ ಆಡ್ತಾನೇ ಓದ್ಕೊಂಡು ಬಂದೋರು ಯಜಮಾನ್ರೇ," ಅಂದರು ಮೇಷ್ಟ್ರು. ಅಪ್ಪ ಕಾಫಿ ತರಲು ಒಳಗೆ ಹೇಳಿದರು.

ಕೊಬ್ಬರಿ ಮಾರಿದ ಮೇಲೂ ಹೊಸ ಬ್ಯಾಟು ಬರಲಿಲ್ಲ, ಹಳೆಯದಕ್ಕೆ ಹೊಸ ರಬ್ಬರು ಬಂತು. ಒಂದು ರಾತ್ರಿ ಹುಡುಗ ಅಂಗಳದಲ್ಲಿ ಸರಿದಾಡುತ್ತಿದ್ದಾಗ ಜಗಲಿಯ ಕತ್ತಲಿನಿಂದ ದನಿ ಬಂತು:

"ಲೋ, ಎಡಗಾಲು ತಡವಾಗ್ತೈತೆ ನೋಡ್ಕೊ."