ನಮ್ಮ ಅಜ್ಜಿ ಕಲಿತ ಲೆಕ್ಕ

ಗಣಿತ ಎಂದರೆ ನಮ್ಮಲ್ಲಿ ಅನೇಕರಿಗೆ ಭಯ. ಆದರೆ ಅರವತ್ತು ದಾಟಿದ ಮೇಲೆ ಕೂಡುವುದು, ಕಳೆಯುವುದು ಕಲಿಯುವವರ ಕಷ್ಟ ನಮ್ಮ ಕಷ್ಟಕ್ಕಿಂತ ದೊಡ್ಡದು. ಇದು ನನಗೆ ನಮ್ಮ ಅಜ್ಜಿಯಿಂದ ತಿಳಿಯಿತು.

ಅಜ್ಜಿ ಶಾಲೆಗೆ ಹೋದವರಲ್ಲ. ಬೆಳಗಿನ ಜಾವವೇ ಕೆ.ಆರ್. ಮಾರುಕಟ್ಟೆಯಿಂದ ಹೂವು ತಂದು ಬನಶಂಕರಿ ದೇವಸ್ಥಾನದ ಹತ್ತಿರ ಮಾರುತ್ತಾರೆ. ಊರಿನಲ್ಲಿ ಸಂಜೆ ಸಾಕ್ಷರತಾ ತರಗತಿ ಶುರುವಾದಾಗ ಅವರೂ ಸೇರಿದರು. ನಮ್ಮ ದೇಶದಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ 1988ರಲ್ಲಿ ಆರಂಭವಾಯಿತು. 2022ರಲ್ಲಿ ಆರಂಭವಾದ ನವಭಾರತ ಸಾಕ್ಷರತಾ ಕಾರ್ಯಕ್ರಮವು 15 ವರ್ಷ ಮೇಲ್ಪಟ್ಟವರಿಗೆ ಓದು ಬರಹದ ಜೊತೆ ಲೆಕ್ಕವನ್ನೂ ಕಲಿಸುವುದಕ್ಕಾಗಿ ಇದೆ.

ಬಾಯಿಲೆಕ್ಕದಲ್ಲಿ ಅಜ್ಜಿ ನಮಗಿಂತ ಚುರುಕು. ಮೊಳಕ್ಕೆ 30 ರೂಪಾಯಿ ಆದರೆ 7 ಮೊಳಕ್ಕೆ ಎಷ್ಟು? "ಮೂರು ಮೊಳಕ್ಕೆ ತೊಂಬತ್ತು, ಇನ್ ಮೂರಕ್ಕೆ ತೊಂಬತ್ತು, ನೂರೆಂಬತ್ತಾಯ್ತು. ಮ್ಯಾಲೊಂದು ಮೊಳ, ಇನ್ನೂರಾ ಹತ್ತು" ಅಂತ ಹೂವು ಅಳೆಯುತ್ತಲೇ ಹೇಳುತ್ತಾರೆ. 500ರ ನೋಟು ಕೊಟ್ಟರೆ 210ರಿಂದ ಮೇಲಕ್ಕೆ ಎಣಿಸುತ್ತಾರೆ. 90 ಸೇರಿಸಿದರೆ 300, ಇನ್ನೂ 200 ಸೇರಿಸಿದರೆ 500. ಚಿಲ್ಲರೆ 290 ಸರಿಯಾಗಿ ಕೊಡುತ್ತಾರೆ.

ಆದರೆ ಸ್ಲೇಟು ಹಿಡಿದರೆ ಎಲ್ಲಾ ಗೊಂದಲ. ನೂರ ಐದು ಬರೆಯಿರಿ ಎಂದರೆ 1005 ಎಂದು ಬರೆಯುತ್ತಿದ್ದರು. ಮೊದಲು ನೂರು, ಪಕ್ಕದಲ್ಲಿ ಐದು. ಕಿವಿಗೆ ಕೇಳಿದ ಹಾಗೆಯೇ ಬರೆದಿದ್ದಾರೆ ಅಲ್ಲವೇ? ಕಳೆಯುವ ಲೆಕ್ಕದಲ್ಲಿ "ಪಕ್ಕದ ಮನೆಯಿಂದ ಸಾಲ ತಗೋಬೇಕು" ಎಂದು ಹೇಳಿಕೊಟ್ಟರೆ, "ಲೆಕ್ಕದಾಗೂ ಸಾಲವೇನವ್ವಾ!" ಎಂದು ನಗುತ್ತಿದ್ದರು. ಕಲಿತದ್ದು ಎರಡೇ ದಿನಕ್ಕೆ ಮರೆತುಹೋಗುತ್ತಿತ್ತು. "ತಲೇಲಿ ನಿಲ್ಲಾಕಿಲ್ಲ ಕಣೇ, ಇನ್ ಹೋಗಾಕಿಲ್ಲ" ಎಂದು ಒಂದು ದಿನ ಸ್ಲೇಟನ್ನು ಮೂಲೆಗೆ ಇಟ್ಟರು.

ನಾನು ಮೂರು ಡಬ್ಬಿ ಸಾಲಾಗಿ ಇಟ್ಟೆ. ಒಂದರಲ್ಲಿ ನೂರರ ನೋಟು, ಒಂದರಲ್ಲಿ ಹತ್ತರ ನೋಟು, ಒಂದರಲ್ಲಿ ಒಂದು ರೂಪಾಯಿ ನಾಣ್ಯ. ನೂರ ಐದಕ್ಕೆ ಮಧ್ಯದ ಡಬ್ಬಿ ಖಾಲಿ. ಆ ಖಾಲಿ ಡಬ್ಬಿಯೇ ಸೊನ್ನೆ. ಅಂದಿನಿಂದ 105 ಸರಿಯಾಗಿ ಬಂತು.

ಆಮೇಲೆ ದಿನದ ವ್ಯಾಪಾರವನ್ನು ರಾತ್ರಿ ಪುಸ್ತಕದಲ್ಲಿ ಬರೆಯಲು ಶುರು ಮಾಡಿದೆವು. ಆಗ ಒಂದು ವಿಷಯ ಗೊತ್ತಾಯಿತು. ಹೂವು ತರಲು ಅಜ್ಜಿ ಒಬ್ಬರ ಹತ್ತಿರ ದಿನವೂ ಸಾಲ ತಗೊಳ್ಳುತ್ತಿದ್ದರು. ಬೆಳಿಗ್ಗೆ 900 ಕೊಟ್ಟು ಸಂಜೆ 1000 ವಸೂಲಿ ಮಾಡುತ್ತಾರೆ. "ದಿನಾ ನೂರು ತಾನೇ" ಎನ್ನುತ್ತಿದ್ದರು ಅಜ್ಜಿ. ತಿಂಗಳಿಗೆ 26 ದಿನ ವ್ಯಾಪಾರ. 26ನ್ನು ನೂರರಿಂದ ಗುಣಿಸಿ ಅವರೇ 2600 ಎಂದು ಬರೆದರು. 900 ರೂಪಾಯಿಗೆ ತಿಂಗಳಿಗೆ 2600 ಬಡ್ಡಿ! ಅಜ್ಜಿ ತುಂಬಾ ಹೊತ್ತು ಮಾತಾಡಲಿಲ್ಲ. ಇಂಥ ಕಷ್ಟ ಬಹಳ ಜನರಿಗೆ ಇದೆ. ಅದಕ್ಕೇ 2018ರಲ್ಲಿ ಕರ್ನಾಟಕ ಸರ್ಕಾರ ಬೀದಿ ವ್ಯಾಪಾರಿಗಳಿಗೆ ಬಡ್ಡಿಯಿಲ್ಲದ ಸಾಲ ಕೊಡಲು "ಬಡವರ ಬಂಧು" ಯೋಜನೆ ತಂದಿತ್ತು.

ಈಗ ಅಜ್ಜಿ ದಿನಕ್ಕೆ 50 ರೂಪಾಯಿ ಎತ್ತಿಡುತ್ತಾರೆ. 18 ದಿನಕ್ಕೆ 900 ಆಗಬೇಕು. ಮಳೆ ಬಂದರೆ, ಹೂವು ಬಾಡಿದರೆ ಆ ದಿನ ಇಲ್ಲ. ಇದುವರೆಗೆ 600 ಆಗಿದೆ. ಬಾಕಿ 300 ಎಂದು ಅವರೇ ಬರೆದಿದ್ದಾರೆ.

ಏಳರ ಮಗ್ಗಿ ಈಗಲೂ ಅವರಿಗೆ ತಪ್ಪುತ್ತದೆ. ಆದರೆ ಪುಸ್ತಕದಲ್ಲಿ ಬರೆದ ಅಂಕಿಗಳು ಮರೆಯುವುದಿಲ್ಲ, ಏಕೆಂದರೆ ಅವು ಅವರದೇ ದುಡ್ಡಿನ ಅಂಕಿಗಳು. ದಿನವೂ ಬಳಸಿದ ಲೆಕ್ಕ ಮಾತ್ರ ತಲೆಯಲ್ಲಿ ನಿಲ್ಲುತ್ತದೆ.

ಗೆಳೆಯರೇ, ನಿಮ್ಮ ಮನೆಯಲ್ಲಿಯೂ ಲೆಕ್ಕ ಬರೆಯಲು ಬಾರದ ಹಿರಿಯರು ಇರಬಹುದು. ಅವರಿಗೆ ಮಗ್ಗಿ ಕೇಳಬೇಡಿ. ಅವರ ಮನಸ್ಸಿನಲ್ಲಿರುವ ಲೆಕ್ಕವನ್ನು ಕಾಗದದ ಮೇಲೆ ಬರೆಯಲು ಪಕ್ಕದಲ್ಲಿ ಕುಳಿತುಕೊಳ್ಳಿ.

– 7ನೇ ತರಗತಿ ವಿದ್ಯಾರ್ಥಿನಿ