ಬಿಟ್ಟಿ ಜೂಜಿನ ಸಾಲೆ

ಇಸ್ಪೀಟಿನ ಎಲೆ ಮುಟ್ಟಿದ್ದಕ್ಕೆ ತಂದೆಯವರಿಂದ ಏಟು ತಿಂದವನು ನಾನು. ಮುಂಬಯಿಗೆ ಬಂದ ಮೇಲೆ ಲೋಕಲ್ ಗಾಡಿಯಲ್ಲಿ ನಾಲ್ವರು ತೊಡೆಗಳ ಮೇಲೆ ಬ್ರೀಫ್‌ಕೇಸನ್ನು ಅಡ್ಡವಿಟ್ಟು ರಮ್ಮಿ ಆಡುವುದನ್ನು ಡೊಂಬಿವಲಿಯಿಂದ ದಾದರದವರೆಗೆ ನಿಂತು ನೋಡಿದ್ದೇನೆಯೇ ಹೊರತು ಕೂತು ಆಡಿದವನಲ್ಲ. ಅಂಥವನು 2020ರಲ್ಲಿ, ನಿವೃತ್ತಿಯ ಹೊಸ್ತಿಲಲ್ಲಿ, ಪೋಕರ್ ಕಲಿಯಲು ಹೊರಟೆನೆಂದರೆ ಓದುಗರು ನಗಬಹುದು. ಕಾರಣ ನನ್ನ ತಂಗಿಯ ಮಗ.

ಲಾಕ್‌ಡೌನಿನಲ್ಲಿ ಅವನ ಕೆಲಸ ಹೋಯಿತು. ಹುಬ್ಬಳ್ಳಿಗೆ ಬರಿಗೈಯಲ್ಲಿ ಮರಳಲು ನಾಚಿಕೆ, ನಮ್ಮಲ್ಲೇ ಉಳಿದ. ರಾತ್ರಿ ಹನ್ನೊಂದಾದರೆ ಮೊಬೈಲು ಹಿಡಿದು ಮೂಲೆ ಸೇರುತ್ತಿದ್ದ. ಪ್ರೇಮ ಪ್ರಕರಣವಿರಬಹುದೆಂದು ನಮ್ಮಾಕೆ ಒಳಗೊಳಗೇ ಸಂತೋಷಪಟ್ಟಳು. ವಿಚಾರಿಸಿದರೆ ಪೋಕರ್!

"ಮಾಮಾ, ಇದಕ್ಕ ಫೀ ಇಲ್ಲರಿ. ಗೆದ್ದರ ನಾಕು ರೊಕ್ಕ, ಸೋತರ ಏನೂ ಹೋಗಂಗಿಲ್ಲ. ಆಟ ಕಲಿಯಾಕ ಇದಕ್ಕಿಂತ ಚಲೋ ಸಾಲಿ ಎಲ್ಲೈತಿ?"

ಧರ್ಮರಾಯನಿಗೂ ಯಾರಾದರೂ ಹೀಗೆ ಬಿಟ್ಟಿ ಅಭ್ಯಾಸ ಮಾಡಿಸಿದ್ದರೆ ಏನಾಗುತ್ತಿತ್ತೋ ಎಂದುಕೊಂಡು, ಹುಡುಗನನ್ನು ಬೈಯುವ ಬದಲು ನಾನೂ ಪಕ್ಕದಲ್ಲಿ ಕೂತೆ.

ಸಾಲೆಯೆಂಬುದು ಪೂರ್ತಿ ಸುಳ್ಳಲ್ಲ. ಕೈಯಲ್ಲಿ ಎರಡೆಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದೆಲೆ; ಈ ಏಳರಲ್ಲಿ ಉತ್ತಮವಾದ ಐದನ್ನು ಆರಿಸಬೇಕು. ಯಾವ ಜೋಡಣೆ ಯಾವುದನ್ನು ಸೋಲಿಸುತ್ತದೆ, ಕಡೆಯಲ್ಲಿ ಮಾತಾಡುವವನಿಗೆ ಏಕೆ ಲಾಭ, ಕಡ್ಡಾಯ ಪಣ ಏರುತ್ತ ಹೋದಂತೆ ಏಕೆ ಅವಸರ ಮಾಡಬೇಕು, ಇಷ್ಟನ್ನು ಹದಿನೈದು ದಿನಗಳಲ್ಲಿ ಒಂದು ಪೈಸೆ ಕೊಡದೆ ಕಲಿತೆ.

ತೊಂದರೆ ಕಂಡದ್ದು ಎಕ್ಕಗಳ ಜೋಡಿ ಬಂದ ರಾತ್ರಿ. ಅದಕ್ಕಿಂತ ಒಳ್ಳೆಯ ಆರಂಭವಿಲ್ಲ. ಎದುರಾಳಿ ಒಬ್ಬನೇ ಆಗಿ, ಅವನ ಕೈಯಲ್ಲಿ ಯಾವುದೋ ಎರಡೆಲೆಯಿದ್ದರೆ, ನೂರಕ್ಕೆ 85 ಸಲ ಗೆಲುವು ನಮ್ಮದು. ಆದರೆ ಬಿಟ್ಟಿ ಪಂದ್ಯದಲ್ಲಿ ಎಲೆ ನೋಡದೆಯೇ ನಾಲ್ವರು ಇದ್ದುದೆಲ್ಲವನ್ನೂ ಒಡ್ಡಿದರು. ನಾಲ್ವರಿದ್ದರೆ ಗೆಲುವು 56ಕ್ಕೆ ಇಳಿಯುತ್ತದೆ. ಸೋತೆ. ಅವರಿಗೇನು? ಕಳೆದುಕೊಳ್ಳುವುದು ಏನೂ ಇಲ್ಲದವನನ್ನು ಹೆದರಿಸುವುದು ಹೇಗೆ? ಹೆದರದವರ ಮುಂದೆ ಸುಳ್ಳು ಧೈರ್ಯ ತೋರಿಸುವ ಕಲೆ ನಡೆಯದು. ಪೋಕರಿನ ಅರ್ಧ ವಿದ್ಯೆ ಅದೇ. ಸಾವಿರಾರು ಮಂದಿ ಉದುರಿ, ಬಹುಮಾನದ ಹತ್ತಿರ ಕೆಲವರೇ ಉಳಿದಾಗ ಮಾತ್ರ ಆಟಕ್ಕೆ ಗಾಂಭೀರ್ಯ ಬರುತ್ತಿತ್ತು. ಅಷ್ಟು ಹೊತ್ತಿಗೆ ನನಗೆ ತೂಕಡಿಕೆ.

ಹುಡುಗ ಒಪ್ಪಲಿಲ್ಲ. ಅಮೆರಿಕದ ಕ್ರಿಸ್ ಫರ್ಗುಸನ್ ಬಿಡಿಗಾಸು ಹಾಕದೆ, ಬಿಟ್ಟಿ ಪಂದ್ಯಗಳಿಂದಲೇ ಆರಂಭಿಸಿ ಹತ್ತು ಸಾವಿರ ಡಾಲರು ಮಾಡಿದ ಕಥೆ ಹೇಳಿದ. ಕಥೆ ನಿಜವೇ. ಆದರೆ ಆ ಮಹಾಶಯ 2000ದಲ್ಲೇ ಲಾಸ್ ವೇಗಾಸಿನ ವಿಶ್ವ ಪಂದ್ಯ ಗೆದ್ದ ಗಣಿತದ ತಲೆ, ಕಲಿಯಲು ಬಂದವನಲ್ಲ. ಗಂಟಿನ ನೂರಕ್ಕೆ ಐದು ಪಾಲಿಗಿಂತ ಹೆಚ್ಚನ್ನು ಒಂದು ಮೇಜಿಗೆ ಒಯ್ಯಬಾರದೆಂಬ ಕಟ್ಟುನಿಟ್ಟೂ ಅವನಿಗಿತ್ತು. ನಮ್ಮ ಹುಡುಗ ಕಥೆಯನ್ನು ಕಲಿತ, ಕಟ್ಟನ್ನು ಬಿಟ್ಟ.

ತಂಗಿ ಯಾವುದೋ ಕೋರ್ಸಿನ ಫೀಗೆಂದು ಕಳಿಸಿದ್ದ 18,000 ರೂಪಾಯಿಯನ್ನು ಹಣದ ಮೇಜಿಗೆ ಒಯ್ದು ಮೂರೇ ರಾತ್ರಿಯಲ್ಲಿ ಕಳೆದ. ದೊಡ್ಡ ಪಣ ಒಡ್ಡಿದವನ ಕೈ ಬರಿದೆಂದು ಬಿಟ್ಟಿ ಪಂದ್ಯ ಅವನಿಗೆ ಕಲಿಸಿತ್ತು. ಇಲ್ಲಿ ದೊಡ್ಡ ಪಣ ಒಡ್ಡಿದವರ ಕೈಯಲ್ಲಿ ನಿಜಕ್ಕೂ ಎಲೆಯಿತ್ತು. ನನ್ನೆದುರು ನಿಂತು ಹೇಳುವಾಗ ಅವನ ಗಂಟಲು ಕಟ್ಟಿತ್ತು. ಆ ಹಣವನ್ನು ನಾನು ತುಂಬಿದೆ. ತಂಗಿಗೆ ಇಂದಿಗೂ ತಿಳಿಯದು. (ಅವಳ ಕೈಗೆ ಈ ಸಂಚಿಕೆ ಸಿಗದಿರಲಿ.)

2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಮಾಡಿತು. ಅಷ್ಟರಲ್ಲಿ ಹುಡುಗನಿಗೆ ಪುಣೆಯಲ್ಲಿ ನೌಕರಿಯಾಗಿತ್ತು. ಆ ದೀಪಾವಳಿಗೆ ಬಂದವನು ಒಂದು ಕಟ್ಟು ಇಸ್ಪೀಟು ತಂದಿದ್ದ. ತಲೆಗೆ ಇಪ್ಪತ್ತು ಹುಣಸೆಬೀಜ ಹಂಚಿ, ಬೀಜ ಕಳೆದುಕೊಂಡವರು ಹಬ್ಬದ ಪಾತ್ರೆಯನ್ನೆಲ್ಲ ತಿಕ್ಕಬೇಕೆಂದು ನಮ್ಮಾಕೆ ಷರತ್ತು ಹಾಕಿದಳು. ಆ ರಾತ್ರಿ ಯಾರೂ ಎಲೆ ನೋಡದೆ ಬೀಜ ಮುಂದಿಡಲಿಲ್ಲ. ನಮ್ಮಾಕೆಯಂತೂ ಮುಖದ ಗೆರೆ ಅಲುಗಿಸದೆ, ಏನೂ ಇಲ್ಲದ ಕೈಯಿಂದ ನನ್ನ ಎಂಟು ಬೀಜ ಕಸಿದಳು.

ಪಾತ್ರೆ ನಾನೇ ತಿಕ್ಕಿದೆ. ಒರೆಸಿಡಲು ಹುಡುಗ ಬಂದ.