ಗಿಟಾರಿನ ಬೆನ್ನಿಗೆ ಬೀಟೆ ಮರ

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ಒಬ್ಬನೇ ಕಲಾವಿದನ ಎರಡು ಗಿಟಾರುಗಳಿವೆ. ಒಂದು 1912ರಲ್ಲಿ ಮ್ಯಾಡ್ರಿಡ್ ನಗರದ ಮಾನ್ವೆಲ್ ರಾಮಿರೆಸ್ ಕಾರ್ಯಾಗಾರದಲ್ಲಿ ಸಿದ್ಧವಾದುದು. ಇನ್ನೊಂದನ್ನು 1937ರಲ್ಲಿ ಜರ್ಮನಿಯ ಹೆರ್ಮನ್ ಹೌಸರ್ ಕೈಯಾರೆ ಕಟ್ಟಿದ. ಎರಡನ್ನೂ ನುಡಿಸಿದವನು ಸ್ಪೇನಿನ ಆಂದ್ರೆಸ್ ಸೆಗೋವಿಯಾ. ಪಾನಗೃಹಗಳ ಹಾಡಿಗೂ ಕುಣಿತಕ್ಕೂ ಮಾತ್ರ ಒಪ್ಪುವ ವಾದ್ಯವೆಂದು ಬಹುಮಂದಿ ತಿಳಿದಿದ್ದ ಗಿಟಾರನ್ನು ಶಾಸ್ತ್ರೀಯ ಸಂಗೀತದ ವೇದಿಕೆಗೇರಿಸಿದವರಲ್ಲಿ ಅವನೇ ಮೊದಲಿಗನಾಗಿ ಎಣಿಸಲ್ಪಡುತ್ತಾನೆ. 1893ರಲ್ಲಿ ಹುಟ್ಟಿ 1987ರಲ್ಲಿ ತೀರಿಕೊಂಡ ಅವನು ವೃದ್ಧಾಪ್ಯದಲ್ಲಿಯೂ ಕಛೇರಿ ಬಿಟ್ಟವನಲ್ಲ.

ಮೊದಲನೆಯ ಗಿಟಾರು ಅವನ ಕೈಸೇರಿದ ಬಗೆಯನ್ನು ಸೆಗೋವಿಯಾನೇ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಮ್ಯಾಡ್ರಿಡಿನಲ್ಲಿ ಕಛೇರಿ ನಿಶ್ಚಯವಾಗಿತ್ತು. ಒಳ್ಳೆಯ ವಾದ್ಯ ಕೊಳ್ಳಲು ಹಣವಿರಲಿಲ್ಲ. ಪಿಯಾನೊ ನುಡಿಸುವವರಿಗೆ ಒಂದು ರಾತ್ರಿಗೆ ಪಿಯಾನೊ ಬಾಡಿಗೆಗೆ ಸಿಗುವುದಾದರೆ ಗಿಟಾರು ಏಕೆ ಸಿಗಬಾರದೆಂದು ತರುಣನು ರಾಮಿರೆಸ್ ಅಂಗಡಿಗೆ ಹೋಗಿ ಕೇಳಿದನಂತೆ. ಅವನು ನುಡಿಸಿದುದನ್ನು ಕೇಳಿದ ರಾಮಿರೆಸ್ ಬಾಡಿಗೆಯ ಮಾತೆತ್ತದೆ ವಾದ್ಯವನ್ನೇ ಕೊಟ್ಟುಬಿಟ್ಟ. ವ್ಯಾಪಾರದ ದೃಷ್ಟಿಯಿಂದ ಇದು ಶುದ್ಧ ಮೂರ್ಖತನ. ಆದರೂ ಆ ಅಂಗಡಿಯ ಹೆಸರು ಇಂದಿಗೂ ಉಳಿದಿರುವುದರಲ್ಲಿ ಆ ಮೂರ್ಖತನದ ಪಾಲು ದೊಡ್ಡದು.

ಎರಡನೆಯದರ ಕಥೆ ದಾನದ್ದಲ್ಲ, ಪಟ್ಟು ಬಿಡದ ದುಡಿಮೆಯದು. 1924ರಲ್ಲಿ ಸೆಗೋವಿಯಾ ಮ್ಯೂನಿಕ್ ನಗರಕ್ಕೆ ಬಂದಾಗ ಹೌಸರ್ ಆ ರಾಮಿರೆಸ್ ಗಿಟಾರನ್ನು ಕಂಡ, ಅಳೆದ, ತಟ್ಟಿ ನೋಡಿದ. ಆಮೇಲೆ ಒಂದರ ಹಿಂದೊಂದು ಗಿಟಾರು ಕಟ್ಟಿ ತೋರಿಸತೊಡಗಿದ. ಪ್ರತಿಯೊಂದರಲ್ಲಿಯೂ ಕಲಾವಿದನ ಕಿವಿಗೆ ಏನೋ ಒಂದು ಕೊರತೆ. ಹನ್ನೆರಡು ವರ್ಷಕ್ಕೂ ಮಿಕ್ಕಿ ಹೀಗೆ ನಡೆದು 1937ರ ವಾದ್ಯಕ್ಕೆ ಸೆಗೋವಿಯಾ ತಲೆದೂಗಿದ. ಸುಮಾರು ಕಾಲು ಶತಮಾನ ಅದು ಅವನ ತೋಳಿನಲ್ಲಿತ್ತು.

ಇಂತಹ ಗಿಟಾರಿನಲ್ಲಿ ಇರುವುದಾದರೂ ಏನು? ವೀಣೆಯ ಕೊಡವನ್ನು ಹಲಸಿನ ದಿಮ್ಮಿಯಲ್ಲಿ ಕೊರೆದು ಮಾಡುವುದನ್ನು ಬಲ್ಲ ಓದುಗರಿಗೆ ಗಿಟಾರಿನ ರಚನೆ ವಿಚಿತ್ರವೆನಿಸೀತು. ಇಲ್ಲಿ ಕೊರೆಯುವುದಿಲ್ಲ, ತೆಳ್ಳನೆಯ ಹಲಗೆಗಳನ್ನು ಬಾಗಿಸಿ ಅಂಟಿಸುತ್ತಾರೆ. ಒಂದೇ ತುಂಡನ್ನು ಪುಸ್ತಕ ಬಿಡಿಸಿದಂತೆ ಎರಡಾಗಿ ಸೀಳಿ, ನಡುವೆ ಕೂಡಿಸಿದರೆ ಎಡಬಲದ ಎಳೆಗಳು ಕನ್ನಡಿಯ ಬಿಂಬದಂತೆ ಹೊಂದುತ್ತವೆ. ಪಕ್ಕದ ಪಟ್ಟಿಗಳನ್ನು ನೀರಿನಲ್ಲಿ ನೆನೆಸಿ, ಕಾದ ಲೋಹದ ಕೊಳವೆಗೆ ಒತ್ತಿ ಸೊಂಟದ ಆಕಾರಕ್ಕೆ ಬಗ್ಗಿಸುತ್ತಾರೆ. ಅವಸರಪಟ್ಟರೆ ಪಟ್ಟಿ ಲಟಕ್ಕೆಂದು ಸೀಳುತ್ತದೆ. ಮೇಲಿನ ಹಲಗೆಯ ದಪ್ಪ ಸುಮಾರು ಎರಡೂವರೆ ಮಿಲಿಮೀಟರು. ಅದಕ್ಕೆ ಯೂರೋಪಿನ ಚಳಿಬೆಟ್ಟಗಳಲ್ಲಿ ನಿಧಾನವಾಗಿ ಬೆಳೆದ ಸ್ಪ್ರೂಸ್ ಮರವೇ ಬೇಕು: ಹಗುರ, ಆದರೆ ಎಳೆಯುದ್ದಕ್ಕೂ ಬಿಗಿ. ತಂತಿಯ ಕಂಪನ ಸೇತುವಿನ ಮೂಲಕ ಈ ಹಲಗೆಗೆ ಇಳಿದಾಗ ಇದು ಗಾಳಿಯನ್ನು ನೂಕುತ್ತದೆ, ನಾದ ಹೊರಡುತ್ತದೆ. ಹಲಗೆಯ ಒಳಮೈಗೆ ಬೀಸಣಿಗೆಯ ಕಡ್ಡಿಗಳಂತೆ ಅಂಟಿಸಿದ ಸಣ್ಣ ಪಟ್ಟಿಗಳಿರುತ್ತವೆ. ಒಂದೊಂದನ್ನು ಎಷ್ಟು ಹೆರೆಯಬೇಕೆಂಬುದೇ ಕುಶಲಿಯ ಗುಟ್ಟು. ಬೆರಳು ಓಡಾಡುವ ಪಟ್ಟಿ ಕರಿಮರದ್ದು. ಬೆನ್ನು ಮತ್ತು ಪಕ್ಕೆಗಳಿಗೆ ಮಾತ್ರ ರೋಸ್‌ವುಡ್. ಅದು ಸ್ಪ್ರೂಸ್‌ಗಿಂತ ಸುಮಾರು ಎರಡು ಪಟ್ಟು ಸಾಂದ್ರ, ನೇರಳೆ ಬೆರೆತ ಕಂದುಬಣ್ಣ, ಹಸಿಯಾಗಿ ಕೊಯ್ದಾಗ ನವಿರಾದ ಪರಿಮಳ. ಒಣಗಿದ ತೆಳುಹಲಗೆಯನ್ನು ಬೆರಳಲ್ಲಿ ಹಿಡಿದು ತಟ್ಟಿದರೆ ಗಂಟೆಯಂತೆ ನಾದ ಉಳಿಯುತ್ತದೆ.

ಸೆಗೋವಿಯಾನ ಕಾಲದಲ್ಲಿ ಉತ್ತಮ ಗಿಟಾರಿನ ಬೆನ್ನೆಂದರೆ ಬ್ರೆಜಿಲ್ ಕರಾವಳಿ ಕಾಡಿನ ರೋಸ್‌ವುಡ್ ಎಂಬ ನಂಬಿಕೆ ಬಲವಾಗಿತ್ತು. ಇಂದಿಗೂ ಅದು ಅಳಿದಿಲ್ಲ. ಈ ನಂಬಿಕೆಯನ್ನು ಸಾಕ್ಷಿಕಟ್ಟೆಗೆ ಹತ್ತಿಸಿ ಪಾಟೀಸವಾಲು ಮಾಡಿದವರು ಎರಡು ಕಾಲಗಳಲ್ಲಿ ಸಿಗುತ್ತಾರೆ. ಇಂದಿನ ಗಿಟಾರಿಗೆ ರೂಪ ಕೊಟ್ಟ ಆಂತೋನಿಯೊ ದೆ ತೋರೆಸ್ 1862ರಲ್ಲಿ ಒಂದು ವಾದ್ಯ ಕಟ್ಟಿದ. ಮೇಲಿನ ಹಲಗೆ ಸ್ಪ್ರೂಸ್. ಬೆನ್ನು ಮತ್ತು ಪಕ್ಕೆಗಳು ಬರಿಯ ರಟ್ಟು! ನಾದ ಹುಟ್ಟುವುದು ಮೇಲಿನ ಹಲಗೆಯಲ್ಲಿ ಎಂಬುದನ್ನು ಮಾತಿನಿಂದಲ್ಲ, ವಾದ್ಯದಿಂದಲೇ ರುಜುವಾತುಪಡಿಸುವುದು ಅವನ ಉದ್ದೇಶ. ಆ ರಟ್ಟಿನ ಗಿಟಾರು ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ಒಂದೂವರೆ ಶತಮಾನದ ಬಳಿಕ, 2018ರಲ್ಲಿ, ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಇನ್ನೊಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಬೆನ್ನು-ಪಕ್ಕೆಗಳ ಮರವೊಂದನ್ನು ಬಿಟ್ಟು ಉಳಿದೆಲ್ಲ ವಿಷಯದಲ್ಲಿ ಆದಷ್ಟು ಸಮನಾಗಿ ಕಟ್ಟಿದ ಆರು ಗಿಟಾರುಗಳನ್ನು 52 ಮಂದಿ ವಾದಕರಿಗೆ ಕೊಟ್ಟು, ಯಾವ ಮರವೆಂದು ಕಾಣದಂತೆ ಮಾಡಿ ನುಡಿಸಲು ಹೇಳಿದರು. ಬ್ರೆಜಿಲಿನ ದುಬಾರಿ ಮರಕ್ಕೂ ಅಗ್ಗದ ಮರಗಳಿಗೂ ವಾದಕರು ಕೊಟ್ಟ ಅಂಕಗಳಲ್ಲಿ ಗಣನೀಯ ಅಂತರ ಕಾಣಲಿಲ್ಲ.

ಅಂದಮೇಲೆ ರೋಸ್‌ವುಡ್ ಬರಿಯ ಬೆಡಗು ಎಂದು ತೀರ್ಪು ಕೊಡುವುದೂ ಸರಿಯಲ್ಲ. ಅದು ಚೆನ್ನಾಗಿ ಬಾಗುತ್ತದೆ, ಒಣಗಿದ ಮೇಲೆ ಸುಲಭಕ್ಕೆ ಸೊಟ್ಟಗಾಗುವುದಿಲ್ಲ, ಕಣ್ಣಿಗೆ ಹಬ್ಬ. ನುಡಿಸುವವನ ಕಣ್ಣು ತಣಿದರೆ ಕೈಗೂ ಹುರುಪು ಬರುತ್ತದೆ. ಆದರೆ ಆ ಕಣ್ಣಿನ ಹಬ್ಬಕ್ಕೆ ತೆತ್ತ ಬೆಲೆ ದೊಡ್ಡದು. ದಿಮ್ಮಿಗಳ ರಫ್ತಿಗೆ ಬ್ರೆಜಿಲ್ 1960ರ ದಶಕದಲ್ಲಿ ಕಡಿವಾಣ ಹಾಕಿತು. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲನೆಯ ಅನುಬಂಧಕ್ಕೆ, ಅಂದರೆ ಅತಿ ಕಟ್ಟುನಿಟ್ಟಿನ ಪಟ್ಟಿಗೆ, ಆ ಮರ 1992ರಲ್ಲಿ ಸೇರಿತು.

ಅಮೆರಿಕದ ಹೆಸರಾಂತ ಮಾರ್ಟಿನ್ ಗಿಟಾರು ಕಂಪೆನಿ 1969ರಲ್ಲಿ ಬ್ರೆಜಿಲಿನ ಮರ ಬಿಟ್ಟು ಭಾರತದ ರೋಸ್‌ವುಡ್‌ಗೆ ಬದಲಾಯಿಸಿತು. ಆ ಭಾರತದ ರೋಸ್‌ವುಡ್ ಎಂದರೆ ಬೇರೇನೂ ಅಲ್ಲ, ಬೀಟೆ. ವಯನಾಡು, ನೀಲಗಿರಿ, ಕೊಡಗು, ಮಲೆನಾಡುಗಳ ಬೀಟೆ, ಮಲಯಾಳಿಗರ ಈಟ್ಟಿ, ಮೈಸೂರಿನ ಕುಶಲಿಗಳು ಹೊಂಬಣ್ಣದ ಚೂರುಗಳನ್ನು ಕೂರಿಸಿ ಚಿತ್ರ ಬಿಡಿಸುವ ಅದೇ ಕಪ್ಪುಗಂದು ಹಲಗೆ. ಅಜ್ಜನ ಕಾಲದ ಮಂಚವನ್ನೋ ಬಾಗಿಲನ್ನೋ ತೋರಿಸಿ ಬೀಟೆಯದೆಂದು ಹೆಮ್ಮೆಪಡುವ ಮನೆಗಳು ಗಡಿಯ ಎರಡೂ ಬದಿಗೆ ಇವೆ. ಗಿಟಾರು ಮಾರುವವರ ಪಟ್ಟಿಯಲ್ಲಿ ಮಾತ್ರ ಅದಕ್ಕೆ ಬೀಟೆಯೆಂಬ ಹೆಸರಿಲ್ಲ, ದಿಕ್ಕು ಮಾತ್ರ ಇದೆ: 'ಈಸ್ಟ್ ಇಂಡಿಯನ್'.

2017ರ ಜನವರಿಯಲ್ಲಿ ಬೀಟೆಯೂ ಸೇರಿದಂತೆ ಡಾಲ್ಬರ್ಜಿಯಾ ಕುಲದ ಉಳಿದೆಲ್ಲ ಮರಗಳು ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧಕ್ಕೆ ಬಂದವು. ಗಡಿ ದಾಟುವ ಮಾರಾಟದ ಪ್ರತಿ ಗಿಟಾರಿಗೂ ಕಾಗದಪತ್ರ ಬೇಕಾಯಿತು. ವಾದ್ಯ ತಯಾರಕರು ಬೊಬ್ಬೆ ಹಾಕಿದರು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಬಾಯಿರುವ ಕಕ್ಷಿಗಾರನಿಗೆ ಎರಡೇ ವರ್ಷದಲ್ಲಿ ಪರಿಹಾರ. ಮರ ಬೆಳೆಯುವ ನೆಲದ ರೈತನ ಅಹವಾಲು ಇದಕ್ಕಿಂತ ಬಹಳ ಹಳೆಯದು.

ಕೇರಳದಲ್ಲಿ ಸರಕಾರ ಪಟ್ಟಾ ಕೊಟ್ಟ ಭೂಮಿಯಲ್ಲಿ ಶ್ರೀಗಂಧ, ತೇಗ, ಬೀಟೆ, ಕರಿಮರ ಇವು ಸರಕಾರಕ್ಕೆ ಕಾದಿರಿಸಿದ 'ರಾಜವೃಕ್ಷ'ಗಳು. ನೆಲ ರೈತನದು, ಕಂದಾಯ ರೈತನದು, ಮರ ಮಾತ್ರ ಅವನದಲ್ಲ. ಈ ಗಂಟನ್ನು ಸಡಿಲಿಸಲೆಂದು 2020ರ ಅಕ್ಟೋಬರಿನಲ್ಲಿ ಒಂದು ಆದೇಶ ಹೊರಟಿತು: ಪಟ್ಟಾ ಸಿಕ್ಕಿದ ಮೇಲೆ ರೈತನು ನೆಟ್ಟ ಅಥವಾ ತಾನಾಗಿ ಹುಟ್ಟಿದ ಮರಗಳನ್ನು, ಶ್ರೀಗಂಧವೊಂದನ್ನು ಬಿಟ್ಟು, ಕಡಿಯಬಹುದು. ವಯನಾಡಿನ ಮುಟ್ಟಿಲ್‌ನಲ್ಲಿ ಅದರ ಮರೆಯಲ್ಲಿ ನೂರಕ್ಕೂ ಹೆಚ್ಚು ಬೀಟೆಗಳು ಉರುಳಿದುವೆಂದು ಮೊಕದ್ದಮೆ ಹೂಡಲಾಯಿತು. ಕಡಿದವುಗಳಲ್ಲಿ ಕೆಲವು ಶತಮಾನಗಳಷ್ಟು ಹಳೆಯವು; ಪಟ್ಟಾ ಎಂಬ ಪದ ಆ ನೆಲ ಮುಟ್ಟುವ ಎಷ್ಟೋ ಮೊದಲೇ ಅವು ಅಲ್ಲಿ ನಿಂತಿದ್ದವು. 2021ರ ಫೆಬ್ರವರಿಯಲ್ಲಿ ಆದೇಶ ರದ್ದಾಯಿತು.

ಬಿಗಿದರೆ ರೈತನಿಗೆ ಮರ ಹೊರೆ, ಸಡಿಲಿಸಿದರೆ ಮರಕ್ಕೆ ಕೊಡಲಿ. ರೈತ ನೆಟ್ಟು ಬೆಳೆಸಿದ ಬೀಟೆ ರೈತನದೇ ಎಂದು ಸ್ಪಷ್ಟವಾಗಿ ದಾಖಲಿಸಿ, ಹಳೆಯ ಮರಗಳ ಎಣಿಕೆಯನ್ನು ಮೊದಲೇ ಬೇರೆಯಾಗಿ ಬರೆದಿಡುವ ನಡುದಾರಿ ಅಸಾಧ್ಯವಾದುದೇನಲ್ಲ. ಅದಕ್ಕೆ ಬೇಕಾದುದು ಒಂದು ರಿಜಿಸ್ಟರು ಮತ್ತು ಅದನ್ನು ತುಂಬಿಸುವ ಮನಸ್ಸು. ಅದಿಲ್ಲದಿರುವಾಗ ಕಾಫಿ ತೋಟದ ನೆರಳಿಗೆ ಬೆಳೆಗಾರ ಏನು ನೆಡುತ್ತಾನೆ? ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಓಕ್. ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬುತ್ತದೆ, ಕಡಿಯಲು ಹೊರಟರೆ ಬೀಟೆಯಷ್ಟು ತೊಡಕಿಲ್ಲ. ಹಕ್ಕು ತನ್ನದಲ್ಲದ ಬೀಟೆಯ ಸಸಿ ಕಾಫಿಯ ಬುಡದಲ್ಲಿ ತಾನಾಗಿ ಎದ್ದರೆ, ಕಳೆ ತೆಗೆಯುವ ದಿನ ಅದೂ ಕತ್ತಿಗೆ ಸಿಗುತ್ತದೆ.